ಮುಖ ಕೊಟ್ಟು ನಿಂತವರು

1966ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಒಂದು ಫೋಟೋ ಪ್ರಕಟಿಸಿತು. ಒಬ್ಬ ಮನುಷ್ಯನ ಮುಖ, ಅಷ್ಟೇ. ಹಣೆ, ಹುಬ್ಬು, ಮೂಗು, ತುಟಿ, ಗದ್ದ, ಎಲ್ಲೆಲ್ಲೂ ಹೊಲಿಗೆ. ಹರಿದ ಗೋಣಿಚೀಲವನ್ನು ದಬ್ಬಳದಲ್ಲಿ ಹೊಲಿದ ಹಾಗೆ. ಮೊದಲ ಸಲ ನೋಡಿದಾಗ ಯಾವುದೋ ದೆವ್ವದ ಸಿನಿಮಾದ್ದಿರಬೇಕು ಅಂದುಕೊಂಡೆ. ಅದು ಅರ್ಧ ನಿಜ. ಆ ಹೊಲಿಗೆಗಳನ್ನು ಬರೆದದ್ದು ಒಬ್ಬ ಮೇಕಪ್ ಕಲಾವಿದ. ಆದರೆ ಕಲ್ಪಿಸಿಕೊಂಡು ಬರೆದದ್ದಲ್ಲ. ಹದಿನಾರು ವರ್ಷಗಳಲ್ಲಿ ಬೇರೆ ಬೇರೆ ರಾತ್ರಿ ಬಿದ್ದು, ಒಣಗಿ, ಮಾಸಿಹೋಗಿದ್ದ ಗಾಯಗಳನ್ನೆಲ್ಲ ಅವನು ಒಂದೇ ದಿನಕ್ಕೆ ಮತ್ತೆ ಕಾಣಿಸುವಂತೆ ಮಾಡಿದ್ದ. ಆ ಮುಖ ಟೆರಿ ಸಾಚುಕ್‌ನದು. ಕೆಲಸ, ಐಸ್ ಹಾಕಿಯ ಗೋಲ್‌ಕೀಪರ್.

ನನ್ನ ಪಿಎಚ್.ಡಿ.ಗೂ ಐಸ್ ಹಾಕಿಗೂ ಸಂಬಂಧವಿಲ್ಲ. ದುಡಿಮೆಯ ಜಾಗದಲ್ಲಾಗುವ ಗಾಯಗಳು ಕಡತಕ್ಕೆ ಹೇಗೆ ಬರುತ್ತವೆ, ಹೇಗೆ ಬಾರದೆ ಉಳಿಯುತ್ತವೆ ಎಂಬುದು ನನ್ನ ವಿಷಯ. ಆ ಹುಡುಕಾಟದ ನಡುವೆ ಈ ಫೋಟೋ ಎದುರಾಯಿತು. ಆಮೇಲೆ ಒಂದಿಡೀ ಬೇಸಿಗೆ, ಬರೆಯಬೇಕಾಗಿದ್ದ ಅಧ್ಯಾಯವನ್ನು ಬದಿಗಿಟ್ಟು, ಕೆನಡಾದ ಹಳೆಯ ಗೋಲ್‌ಕೀಪರುಗಳ ಬದುಕು ಓದುತ್ತ ಕೂತೆ. ಗೈಡ್‌ಗೆ ಇನ್ನೂ ಹೇಳಿಲ್ಲ.

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನ, ಬಿಳಿ ಚೆಂಡು, ಬಿಸಿಲು. ಇದು ಬೇರೆಯೇ ಆಟ. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ: ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಸುಮಾರು 170 ಗ್ರಾಂ ತೂಕ. ಪುಟಿಯಬಾರದೆಂದು ಪಂದ್ಯಕ್ಕೆ ಮೊದಲು ಅದನ್ನು ಕೊರೆಯುವಷ್ಟು ತಣ್ಣಗೆ ಮಾಡಿಟ್ಟಿರುತ್ತಾರೆ. ಗೋಲಿನ ಚೌಕಟ್ಟು ಆರಡಿ ಅಗಲ, ನಾಲ್ಕಡಿ ಎತ್ತರ. 1959ರವರೆಗೆ ಅದರ ಮುಂದೆ ನಿಲ್ಲುತ್ತಿದ್ದವರಿಗೆ ಕಾಲಿಗೆ ಪ್ಯಾಡ್ ಇತ್ತು, ಎದೆಗೆ ಕವಚ ಇತ್ತು, ಕೈಗೆ ಗ್ಲೌಸ್ ಇತ್ತು. ಮುಖಕ್ಕೆ ಏನೂ ಇರಲಿಲ್ಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಎಂಬವನು ಮೂಗು ಒಡೆದುಕೊಂಡ ಮೇಲೆ ಕೆಲವು ಪಂದ್ಯಗಳಲ್ಲಿ ಚರ್ಮದ ಮುಖವಾಡ ಹಾಕಿ ಆಡಿದ್ದುಂಟು. ಅದು ಕಣ್ಣಿಗೆ ಅಡ್ಡವಾಯಿತೆಂದು ಬಿಟ್ಟುಬಿಟ್ಟ. ಅದಕ್ಕೂ ಮೊದಲು, 1927ರಲ್ಲಿ, ಎಲಿಜಬೆತ್ ಗ್ರಹಾಂ ಎಂಬ ವಿದ್ಯಾರ್ಥಿನಿ ಕತ್ತಿವರಸೆಯ ಮುಖವಾಡ ತೊಟ್ಟು ವಿಶ್ವವಿದ್ಯಾಲಯದ ತಂಡಕ್ಕೆ ಗೋಲು ಕಾದಿದ್ದಳು. ಹೆಂಗಸರ ಆಟದಲ್ಲಿ ಆದದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಿದ್ದರು?

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕು. ಮುಂದಿನದ್ದಕ್ಕೆಲ್ಲ ಅದೇ ಕೀಲಿ. 1942ರಿಂದ 1967ರವರೆಗೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗಾದ ಎನ್.ಎಚ್.ಎಲ್.ನಲ್ಲಿ ಇದ್ದದ್ದು ಆರೇ ತಂಡ. ಆ ಅವಧಿಯ ಬಹುಪಾಲು ಒಂದು ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅಂದರೆ ಆ ಮಟ್ಟದಲ್ಲಿ ಇದ್ದದ್ದು ಒಟ್ಟು ಆರು ನೌಕರಿ. ಏಳನೆಯವನು ಯಾವುದೋ ಸಣ್ಣ ಊರಿನ ತಂಡದಲ್ಲಿ ಆಡುತ್ತ, ಮೇಲಿನ ಆರರಲ್ಲಿ ಒಬ್ಬ ಬೀಳುವುದನ್ನೇ ಕಾಯುತ್ತಿರುತ್ತಿದ್ದ. ಈ ಆರು ಕುರ್ಚಿಗಳಲ್ಲಿ ಕೂತಿದ್ದ ಮೂವರನ್ನು ಅಭಿಮಾನಿಗಳು ಇವತ್ತಿಗೂ ಪಕ್ಕಪಕ್ಕ ನಿಲ್ಲಿಸಿ ಜಗಳವಾಡುತ್ತಾರೆ. ಟೆರಿ ಸಾಚುಕ್, ಜಾಕ್ ಪ್ಲಾಂಟ್, ಗ್ಲೆನ್ ಹಾಲ್. ಯಾರು ದೊಡ್ಡವರು?

ಅಂಕಿಗಳಿಂದಲೇ ಶುರುಮಾಡೋಣ, ಎಲ್ಲರೂ ಮಾಡುವುದು ಅದನ್ನೇ. ಎದುರಾಳಿಗೆ ಒಂದೂ ಗೋಲು ಬಿಡದೆ ಪಂದ್ಯ ಮುಗಿಸಿದರೆ ಅದಕ್ಕೆ ಶಟೌಟ್ ಎನ್ನುತ್ತಾರೆ. ಸಾಚುಕ್ ಅಂಥ 103 ಪಂದ್ಯ ಆಡಿದ. ಹಾಲ್ 84. ಗೆಲುವುಗಳಲ್ಲಿ ಸಾಚುಕ್ 447, ಪ್ಲಾಂಟ್ 437, ಹಾಲ್ 407. ಈ ಪಟ್ಟಿ ನೋಡಿದರೆ ತೀರ್ಪು ಸುಲಭ ಅನಿಸುತ್ತದೆ. ಆದರೆ ಸಾಚುಕ್‌ನ 103ರ ಒಳಗೆ ಇಣುಕಿದರೆ ಒಂದು ವಿಚಿತ್ರ ಕಾಣುತ್ತದೆ. ಡೆಟ್ರಾಯಿಟ್ ತಂಡಕ್ಕೆ ಅವನು ಪೂರ್ತಿ ಆಡಿದ ಮೊದಲ ಐದು ಸೀಸನ್‌ಗಳಲ್ಲಿ 11, 12, 9, 12, 12 ಶಟೌಟ್‌ಗಳಿವೆ. ಕೂಡಿದರೆ 56. ಇಪ್ಪತ್ತಾರು ತುಂಬುವಷ್ಟರಲ್ಲಿ ಜೀವಮಾನದ ಸಾಧನೆಯ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆ ಐದೂ ವರ್ಷ ಅವನು ಬಿಟ್ಟ ಗೋಲುಗಳ ಸರಾಸರಿ ಪಂದ್ಯಕ್ಕೆ ಎರಡಕ್ಕಿಂತ ಕಡಿಮೆ. 1952ರ ಪ್ಲೇಆಫ್‌ನಲ್ಲಂತೂ ಎಂಟು ಪಂದ್ಯ, ಎಂಟೂ ಗೆಲುವು, ನಾಲ್ಕು ಶಟೌಟ್, ಬಿಟ್ಟದ್ದು ಒಟ್ಟು ಐದೇ ಗೋಲು. ಉಳಿದ ಹದಿನೈದು ವರ್ಷ ಅವನು ಆ ಐದು ವರ್ಷಗಳ ನೆರಳಿನಲ್ಲೇ ಆಡಿದ ಅನ್ನಬೇಕು.

ಏನಾಯಿತು ಅವನಿಗೆ? ವಿನ್ನಿಪೆಗ್‌ನ ಉಕ್ರೇನಿ ವಲಸಿಗರ ಮನೆಯ ಹುಡುಗ. ಗೋಲ್‌ಕೀಪರ್ ಆಗಿದ್ದ ಅಣ್ಣ ಹದಿನೇಳಕ್ಕೇ ಹೃದಯ ನಿಂತು ಸತ್ತಾಗ ಅವನ ಪ್ಯಾಡ್‌ಗಳು ತಮ್ಮನಿಗೆ ಬಂದವು. ಹುಡುಗನಿದ್ದಾಗಲೇ ಬಲ ಮೊಣಕೈಗೆ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಬೈತಾರೆ ಅಂತ ಮುಚ್ಚಿಟ್ಟ. ಆ ಕೈ ನೆಟ್ಟಗೆ ಕೂಡಲೇ ಇಲ್ಲ, ಇನ್ನೊಂದಕ್ಕಿಂತ ಗಿಡ್ಡವಾಗಿಯೇ ಉಳಿಯಿತು. ಗೋಲಿನಲ್ಲಿ ಅವನು ನಿಲ್ಲುತ್ತಿದ್ದ ಭಂಗಿಯೂ ಬೇರೆ. ಎದುರಿಗೆ ನಿಂತವರ ಕಾಲುಗಳ ಸಂದಿಯಲ್ಲಿ ಪಕ್ ಕಾಣಲೆಂದು ಸೊಂಟ ಬಗ್ಗಿಸಿ, ಮುಖವನ್ನು ಮೊಣಕಾಲಿನ ಹತ್ತಿರಕ್ಕೆ ತಂದು ಕೂರುತ್ತಿದ್ದ. ನೋಟ ಚೆನ್ನಾಗಿ ಸಿಗುತ್ತಿತ್ತು. ಪಕ್ ಹಾರಿಬರುವ ದಾರಿಗೆ ಮುಖವೂ ಅಷ್ಟೇ ಚೆನ್ನಾಗಿ ಸಿಗುತ್ತಿತ್ತು. ಮುಖದ ಮೇಲೆ ಬಿದ್ದ ಹೊಲಿಗೆ ಸುಮಾರು 400 ಎಂದು ಲೆಕ್ಕ ಹೇಳುತ್ತಾರೆ.

1955ರಲ್ಲಿ ಡೆಟ್ರಾಯಿಟ್ ಸ್ಟಾನ್ಲಿ ಕಪ್ ಗೆದ್ದಿತು. ಅದೇ ಬೇಸಿಗೆಯಲ್ಲಿ ತಂಡದ ಮ್ಯಾನೇಜರ್ ಜ್ಯಾಕ್ ಆಡಮ್ಸ್ ಸಾಚುಕ್‌ನನ್ನು ಬಾಸ್ಟನ್‌ಗೆ ಮಾರಿಬಿಟ್ಟ. ಕೆಳಗಿನ ತಂಡದಲ್ಲಿ ಇನ್ನೊಬ್ಬ ಹುಡುಗ ತಯಾರಾಗಿದ್ದ: ಗ್ಲೆನ್ ಹಾಲ್. ಏಳನೆಯವನು ಕಾಯುತ್ತಿರುತ್ತಾನೆ ಅಂದೆನಲ್ಲ, ಅವನೇ ಇವನು. ಬಾಸ್ಟನ್‌ನಲ್ಲಿ ಸಾಚುಕ್‌ಗೆ ಜ್ವರ ಹಿಡಿಯಿತು. ಪೂರ್ತಿ ವಾಸಿಯಾಗುವ ಮೊದಲೇ ಅಂಕಣಕ್ಕಿಳಿದ. ನರಗಳು ಸೋತವು. 1957ರ ಜನವರಿಯಲ್ಲಿ, ಸೀಸನ್ನಿನ ನಡುವೆಯೇ, ತಂಡ ಬಿಟ್ಟು ಮನೆಗೆ ಹೋದ. ಪತ್ರಿಕೆಗಳು ಹಿಗ್ಗಾಮುಗ್ಗಾ ಬೈದವು.

ಆ ವರ್ಷದ ಮುಂದಿನ ಘಟನೆಗಳನ್ನು ಓದುವಾಗ ನನಗೆ ನನ್ನ ಅಧ್ಯಾಯವೇ ನೆನಪಾಯಿತು. ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ಮುಂಚೂಣಿ ಆಟಗಾರ ಟೆಡ್ ಲಿಂಡ್ಸೆ, ಇತರ ತಂಡಗಳ ಕೆಲವರ ಜೊತೆ ಸೇರಿ, ಆಟಗಾರರ ಸಂಘವೊಂದನ್ನು ಘೋಷಿಸಿದ. ಜುಲೈ ಹೊತ್ತಿಗೆ ಲಿಂಡ್ಸೆಯನ್ನು ಪಟ್ಟಿಯ ತಳದಲ್ಲಿ ತೆವಳುತ್ತಿದ್ದ ಷಿಕಾಗೋ ತಂಡಕ್ಕೆ ಸಾಗಹಾಕಿದರು. ಅವನ ಜೊತೆಗೇ ಕಟ್ಟಿ ಕಳಿಸಿದ್ದು ಗ್ಲೆನ್ ಹಾಲ್‌ನನ್ನು. ಹಾಲ್ ಮಾಡಿದ ತಪ್ಪೇನು? ಆಡಮ್ಸ್ ಸಾಚುಕ್‌ನನ್ನು ವಾಪಸ್ ಕೊಂಡುಕೊಂಡಿದ್ದ. ಕುರ್ಚಿ ಒಂದೇ. ಇಬ್ಬರೂ ದೇಶದ ಅತ್ಯುತ್ತಮರು, ಇಬ್ಬರೂ ಎರಡು ವರ್ಷದ ಅಂತರದಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಜಾಗ ತೆರವು ಮಾಡಿದರು. ಸಂಘ ಒಂದು ವರ್ಷದೊಳಗೆ ನೆಲ ಕಚ್ಚಿತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಲ್‌ನ ದಾಖಲೆಯನ್ನು ನೋಡಬೇಕು. 1955ರ ಸೀಸನ್ನಿನ ಮೊದಲ ಪಂದ್ಯದಿಂದ 1962ರ ನವೆಂಬರಿನವರೆಗೆ ಅವನು ಒಂದೂ ಪಂದ್ಯ ತಪ್ಪಿಸಲಿಲ್ಲ. ಎಪ್ಪತ್ತು ಪಂದ್ಯಗಳ ಏಳು ಸೀಸನ್, ಅಂದರೆ 490, ಮೇಲೆ ಹನ್ನೆರಡು. ಒಟ್ಟು 502 ಪಂದ್ಯ, ಸತತ, ಬರಿ ಮುಖದಲ್ಲಿ. ಈ ದಾಖಲೆಯನ್ನು ಯಾರೂ ಮುರಿಯಲಾರರು ಎಂದು ಎಲ್ಲರೂ ಒಪ್ಪುತ್ತಾರೆ, ನಾನೂ. ಅದನ್ನು ಶೌರ್ಯವೆಂದು ಬರೆಯುತ್ತಾರೆ. ಶೌರ್ಯ ಇದ್ದೇ ಇತ್ತು. ಆದರೆ ಅದೇ ಮನುಷ್ಯ ಬಹುತೇಕ ಪ್ರತಿ ಪಂದ್ಯಕ್ಕೂ ಮೊದಲು ವಾಂತಿ ಮಾಡಿಕೊಳ್ಳುತ್ತಿದ್ದ. ಒಂದು ದಿನ ರಜೆ ಹಾಕಿದರೆ ಕಾಯುತ್ತಿರುವ ಏಳನೆಯವನು ಬಂದು ಕೂರುತ್ತಾನೆಂಬುದು ಹಾಲ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವನೇ ಹಾಗೆ ಬಂದವನು. 502ರಲ್ಲಿ ಎಷ್ಟು ಪಾಲು ಧೈರ್ಯ, ಎಷ್ಟು ಪಾಲು ಭಯ ಎಂದು ಬೇರೆಮಾಡಿ ಹೇಳುವುದು ನನ್ನಿಂದಾಗದು. ಕೊನೆಗೆ ಬೆನ್ನು ಹಿಡಿದುಕೊಂಡು, 503ನೆಯ ಪಂದ್ಯದ ಮೊದಲ ಭಾಗದಲ್ಲಿ ಹೊರಗೆ ಬಂದ.

ಜಾಕ್ ಪ್ಲಾಂಟ್ ಬೇರೆ ಜಾತಿಯ ಮನುಷ್ಯ. ಕ್ವಿಬೆಕ್‌ನ ಹನ್ನೊಂದು ಮಕ್ಕಳ ಮನೆಯ ಹಿರಿಯ ಮಗ, ಅಸ್ತಮಾ ರೋಗಿ. ಹೆಚ್ಚು ಹೊತ್ತು ಸ್ಕೇಟ್ ಮಾಡಲಾಗದೆ ಗೋಲಿಗೆ ಬಂದವನು. ಅಮ್ಮನಿಂದ ಹೆಣಿಗೆ ಕಲಿತು ತನ್ನ ಉಲನ್ ಟೋಪಿಗಳನ್ನು ತಾನೇ ಹೆಣೆದುಕೊಳ್ಳುತ್ತಿದ್ದ. ಜಂಬಗಾರ, ಜೊತೆಗಾರರಿಗೆ ಅಷ್ಟೇನೂ ಬೇಕಾದವನಲ್ಲ. ಗೋಲು ಬಿಟ್ಟು ಹೊರಗೆ ಹೋಗಿ, ಬಲೆಯ ಹಿಂದೆ ಸುತ್ತಿ ಪಕ್ಕನ್ನು ತಾನೇ ತಡೆದು ತನ್ನವರಿಗೆ ಕೊಡುವ ಪದ್ಧತಿ ಅವನಿಂದ ಬೆಳೆಯಿತು. ನೋಡಿದವರು ಮೊದಲು ಹುಚ್ಚು ಅಂದರು. ಸಾಚುಕ್ ಹುಟ್ಟಿದ್ದು 1929ರ ಡಿಸೆಂಬರಿನಲ್ಲಿ, ಪ್ಲಾಂಟ್ ಅದೇ ವರ್ಷದ ಜನವರಿಯಲ್ಲಿ. ಓರಗೆಯವರು.

1959ರ ನವೆಂಬರ್ 1. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್‌ನ ಮುಖಕ್ಕೆ ಬಡಿಯಿತು. ಅದನ್ನು ಬೇಕೆಂದೇ ಮುಖಕ್ಕೆ ಹೊಡೆದೆ ಎಂದು ಬಾತ್‌ಗೇಟ್ ಬಹಳ ವರ್ಷಗಳ ನಂತರ ಒಪ್ಪಿಕೊಂಡ. ರಕ್ತ ಸುರಿಸುತ್ತ ಪ್ಲಾಂಟ್ ಒಳಗೆ ಹೋದ, ಹೊಲಿಗೆ ಹಾಕಿಸಿಕೊಂಡ. ಅವನ ಹತ್ತಿರ ಫೈಬರ್‌ಗ್ಲಾಸಿನ ಒಂದು ಮುಖವಾಡವಿತ್ತು. ಅಭ್ಯಾಸದಲ್ಲಿ ಹಾಕಿಕೊಳ್ಳಲು ಕೋಚ್ ಟೋ ಬ್ಲೇಕ್ ಬಿಟ್ಟಿದ್ದ, ಪಂದ್ಯದಲ್ಲಿ ಬಿಟ್ಟಿರಲಿಲ್ಲ. ಮುಖವಾಡ ಹಾಕಿದವನಿಗೆ ಎಚ್ಚರ ಸಡಿಲವಾಗುತ್ತದೆ, ಕಾಲ ಬಳಿಯ ಪಕ್ ಕಾಣುವುದಿಲ್ಲ ಎಂಬುದು ಬ್ಲೇಕ್‌ನ ವಾದ. ಪ್ಲಾಂಟ್ ಹೇಳಿದ್ದಿಷ್ಟು: ಮುಖವಾಡ ಇಲ್ಲದೆ ನಾನು ಹೊರಗೆ ಬರುವುದಿಲ್ಲ.

ಎಲ್ಲ ಪುಸ್ತಕಗಳಲ್ಲೂ ಈ ದೃಶ್ಯವಿದೆ, ಪ್ಲಾಂಟ್‌ನ ಹಟದ ಕಥೆಯಾಗಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬ್ಲೇಕ್ ಯಾಕೆ ಒಪ್ಪಿದ ಎಂಬುದು. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್ ಎಂಬ ಅದೇ ಜಿಪುಣ ವ್ಯವಸ್ಥೆ ಆ ರಾತ್ರಿ ತಿರುಗಿ ನಿಂತಿತು. ಬದಲಿಗೆ ಸಿಗುತ್ತಿದ್ದವನು ಪ್ರೇಕ್ಷಕರ ನಡುವೆ ಕೂತಿರುವ ಯಾರೋ ಹವ್ಯಾಸಿ. ಕೆಲವು ಊರುಗಳಲ್ಲಂತೂ ತಂಡದ ಟ್ರೈನರ್‌ನೇ ಪ್ಯಾಡ್ ಕಟ್ಟಿಕೊಂಡು ಇಳಿಯಬೇಕಿತ್ತು. ಸತತ ನಾಲ್ಕು ಸಲ ಕಪ್ ಗೆದ್ದ ಮಾಂಟ್ರಿಯಲ್ ತಂಡ ಅಂಥವನನ್ನು ನಿಲ್ಲಿಸುವುದುಂಟೆ? ಲಿಂಡ್ಸೆಯ ಸಂಘಕ್ಕೆ ಇಲ್ಲದ ಶಕ್ತಿ ಆ ಹೊತ್ತು, ಆ ಕೋಣೆಯಲ್ಲಿ, ರಕ್ತ ಒರೆಸಿಕೊಳ್ಳುತ್ತಿದ್ದ ಒಬ್ಬನ ಕೈಯಲ್ಲಿತ್ತು. ಅವನು ಅದನ್ನು ಬಳಸಿದ. ಪಂದ್ಯವನ್ನು ಮಾಂಟ್ರಿಯಲ್ 3-1ರಿಂದ ಗೆದ್ದಿತು. ಆಮೇಲೆ ಕೆಲವು ವಾರ ತಂಡ ಸೋಲಲೇ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ಬ್ಲೇಕ್ ಒತ್ತಾಯಕ್ಕೆ ಒಂದು ರಾತ್ರಿ ಮುಖವಾಡ ಬಿಟ್ಟು ಆಡಿದ, 3-0ಯಿಂದ ಸೋತರು. ಮುಖವಾಡ ಮತ್ತೆ ಬಂತು, ಐದನೆಯ ಕಪ್ ಕೂಡ ಬಂತು.

ಬ್ಲೇಕ್‌ನನ್ನು ಖಳನಾಯಕ ಮಾಡುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸಾಗದು. ನಮ್ಮಪ್ಪ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಶಾಪೊಂದರಲ್ಲಿ ಕೆಲಸ ಮಾಡಿದವರು. ಸಂಜೆ ಕೆಂಪು ಕಣ್ಣು ಮಾಡಿಕೊಂಡು ಬಂದರೆ ಅಮ್ಮ ಆಲೂಗಡ್ಡೆ ಹೋಳು ಕತ್ತರಿಸಿ ರೆಪ್ಪೆಯ ಮೇಲಿಡುತ್ತಿದ್ದರು. ಶೀಲ್ಡ್ ಯಾಕೆ ಹಿಡಿಯಲ್ಲ ಅಂತ ಒಮ್ಮೆ ಕೇಳಿದ್ದೆ. “ಒಂದು ಕೈಲಿ ಅದನ್ನ ಹಿಡ್ಕೊಂಡ್ರೆ ಕೆಲಸಕ್ಕೆ ಒಂದೇ ಕೈ ಉಳಿಯುತ್ತಲ್ಲಪ್ಪ” ಅಂದರು. ಅದು ನಿಜವೇ. ಅದರ ಜೊತೆಗೆ ಇನ್ನೂ ಒಂದು ನಿಜವಿತ್ತು. ಶೀಲ್ಡ್ ಹುಡುಕುವ ಹೊಸ ಹುಡುಗರನ್ನು ಕಂಡು ಶಾಪಿನಲ್ಲಿ ನಗುತ್ತಿದ್ದರಂತೆ, ಅಪ್ಪನೂ ನಕ್ಕಿದ್ದರಂತೆ. ಮುಖವಾಡದಿಂದ ನೋಟಕ್ಕೆ ಅಡ್ಡಿಯಾಗುತ್ತದೆ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಮಾತಿನ ಬೆನ್ನಿಗೆ ಅಂಟಿಕೊಂಡಿದ್ದ ನಗು ಬೇರೆ. ಬರಿ ಮುಖದವರು ಪ್ಲಾಂಟ್‌ನನ್ನು ನೋಡಿ ನಕ್ಕದ್ದೂ ಅದೇ ನಗು. ಅವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಮುಖವಾಡಕ್ಕೆ ಬಂದರು. ಸಾಚುಕ್ ಬಂದದ್ದು 1962ರಲ್ಲಿ, ಡೆಟ್ರಾಯಿಟ್ ತಂಡದ ಟ್ರೈನರ್ ಲೆಫ್ಟಿ ವಿಲ್ಸನ್ ಮಾಡಿಕೊಟ್ಟದ್ದನ್ನು ತೊಟ್ಟು. ‘ಲೈಫ್’ನ ಫೋಟೋ ಬರುವ ಹೊತ್ತಿಗೆ ಆ ಮುಖ ಮುಖವಾಡದ ಹಿಂದೆ ನಾಲ್ಕು ವರ್ಷ ಕಳೆದಿತ್ತು.

ಮತ್ತೆ ಹೋಲಿಕೆಗೆ ಬರುತ್ತೇನೆ. ಅಂಕಿಗಳನ್ನು ನಂಬದಿರಲು ಕಾರಣಗಳು ಬೇಕಾದಷ್ಟಿವೆ, ಎರಡನ್ನು ಮಾತ್ರ ಹೇಳುತ್ತೇನೆ. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಝಿನಾ ಟ್ರೋಫಿಯನ್ನು ಪ್ಲಾಂಟ್ ಏಳು ಸಲ ಗೆದ್ದ, ಯಾರೂ ಅದನ್ನು ದಾಟಿಲ್ಲ. ಆದರೆ 1981ರವರೆಗೆ ಆ ಟ್ರೋಫಿ ಹೋಗುತ್ತಿದ್ದದ್ದು ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲ್‌ಕೀಪರ್‌ಗೆ. ಮುಂದೆ ಡಗ್ ಹಾರ್ವಿಯಂಥ ರಕ್ಷಕ ನಿಂತಿದ್ದರೆ ಟ್ರೋಫಿಯ ಅರ್ಧ ಅವನದ್ದೇ. (ಜಾರ್ಜ್ ವೆಝಿನಾ ಸ್ವತಃ 1925ರಲ್ಲಿ ಜ್ವರದ ಮೈಯಲ್ಲಿ ಗೋಲಿಗೆ ನಿಂತು, ಅಂಕಣದಲ್ಲೇ ಕುಸಿದು, ನಾಲ್ಕು ತಿಂಗಳಲ್ಲಿ ಕ್ಷಯದಿಂದ ಸತ್ತವನು. ಈ ಕಸುಬಿನ ಅತಿ ದೊಡ್ಡ ಗೌರವಕ್ಕೆ ಅವನ ಹೆಸರು.) ಎರಡನೆಯದು, ಗೆಲುವಿನ ಲೆಕ್ಕ. ಮಾರ್ಟಿನ್ ಬ್ರೊಡೂರ್‌ನ 691 ಗೆಲುವುಗಳ ಪಕ್ಕದಲ್ಲಿ ಸಾಚುಕ್‌ನ 447 ಚಿಕ್ಕದಾಗಿ ಕಾಣುತ್ತದೆ. ಆದರೆ ಸಾಚುಕ್‌ನ ಕಾಲದಲ್ಲಿ ಸೀಸನ್ನಿಗೆ 70 ಪಂದ್ಯ, ಸಮಬಲವಾದರೆ ಸಮಬಲವೇ. ಬ್ರೊಡೂರ್‌ನ ಕಾಲದಲ್ಲಿ ಬಹುತೇಕ 82 ಪಂದ್ಯ. 2005ರಿಂದ ಸಮಬಲವೆಂಬುದೇ ಇಲ್ಲ, ಹೆಚ್ಚುವರಿ ಹೊತ್ತಿನಲ್ಲೋ ಶೂಟೌಟ್‌ನಲ್ಲೋ ಯಾರಾದರೊಬ್ಬರು ಗೆಲ್ಲಲೇಬೇಕು.

ಅಂಕಿ ಬಿಟ್ಟು, ಆಡುವುದು ನಿಲ್ಲಿಸಿದ ಮೇಲೆ ಏನು ಉಳಿಯಿತು ಎಂದು ನೋಡಿದರೆ ಮೂವರೂ ಬೇರೆ ಬೇರೆ ದಿಕ್ಕಿಗೆ ನಿಲ್ಲುತ್ತಾರೆ. ಹಾಲ್‌ನಿಂದ ಉಳಿದದ್ದು ಒಂದು ಭಂಗಿ. ಮೊಣಕಾಲು ಒಳಗೆ ಸೇರಿಸಿ ಪಾದಗಳನ್ನು ಎರಡೂ ಬದಿಗೆ ಚಾಚುವ ಅವನ ರೀತಿಯೇ ಇವತ್ತು ಚಿಟ್ಟೆ ಭಂಗಿ ಎಂಬ ಹೆಸರಿನಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ. ಪ್ಲಾಂಟ್ ತನಗೆ ಗೊತ್ತಿದ್ದುದನ್ನು ಹೇಳಿಕೊಟ್ಟ. ಗೋಲ್‌ಕೀಪಿಂಗ್ ಕಲಿಸುವ ಒಂದು ಪುಸ್ತಕ ಬರೆದ. 1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಕೆನಡಾ ಮತ್ತು ಸೋವಿಯತ್ ತಂಡಗಳು ಎದುರಾದಾಗ, ಇವನು ದುಭಾಷಿಯನ್ನು ಕರೆದುಕೊಂಡು ಸೋವಿಯತ್ ಡ್ರೆಸಿಂಗ್ ರೂಮಿಗೇ ಹೋದ. ಇಪ್ಪತ್ತು ವರ್ಷದ ವ್ಲಾದಿಸ್ಲಾವ್ ತ್ರೆತ್ಯಾಕ್‌ನನ್ನು ಕೂರಿಸಿಕೊಂಡು, ಕೆನಡಾದ ಯಾವ ಆಟಗಾರ ಎಲ್ಲಿಂದ ಹೇಗೆ ಹೊಡೆಯುತ್ತಾನೆಂದು ಗೆರೆ ಎಳೆದು ತೋರಿಸಿದ. ಆ ಹುಡುಗನಿಗೆ ಇವತ್ತು ಏಟು ಬೀಳುತ್ತದೆಂದು ಕನಿಕರಪಟ್ಟಿದ್ದಿರಬೇಕು. ಸೋವಿಯತ್ ತಂಡ 7-3ರಿಂದ ಗೆದ್ದಿತು. ಆ ಏಳು ಗೋಲು ಹೋದದ್ದು ಮಾಂಟ್ರಿಯಲ್ ತಂಡದವನೇ ಆದ, ಪ್ಲಾಂಟ್‌ನ ಜಾಗದಲ್ಲೇ ಆಡುತ್ತಿದ್ದ ಕೆನ್ ಡ್ರೈಡನ್‌ನ ಬಲೆಗೆ. ದೇಶದ್ರೋಹ ಅನ್ನುವುದಾದರೆ ಅನ್ನಬಹುದು. ಬರಿ ಕಸುಬಿನ ಪ್ರೀತಿ ಎಂದು ನನಗನಿಸುತ್ತದೆ.

ಸಾಚುಕ್ ಬಿಟ್ಟದ್ದು 103 ಎಂಬ ಸಂಖ್ಯೆ. ಅದು ನಲವತ್ತು ವರ್ಷ ಹತ್ತಿರ ಹತ್ತಿರ ನಿಂತಿತ್ತು. 2009ರ ಡಿಸೆಂಬರ್ 21ರಂದು ಬ್ರೊಡೂರ್ ಅದನ್ನು ದಾಟಿದ.

ಇಬ್ಬರನ್ನು, ಮೂವರನ್ನು ಪಕ್ಕಪಕ್ಕ ನಿಲ್ಲಿಸುವುದಾದರೆ ನಾನು ನಿಲ್ಲಿಸುವುದು 1970ರ ಮೇ ತಿಂಗಳಲ್ಲಿ. ಹಾಲ್ ಮತ್ತು ಪ್ಲಾಂಟ್ ಆಗ ಸೇಂಟ್ ಲೂಯಿಸ್ ತಂಡದಲ್ಲಿ ಒಂದೇ ಬಲೆಯನ್ನು ಹಂಚಿಕೊಂಡಿದ್ದರು. ಲೀಗು ದೊಡ್ಡದಾಗಿತ್ತು, ಕುರ್ಚಿಗಳು ಹೆಚ್ಚಾಗಿದ್ದವು. ಹಾಲ್ ಕೂಡ ಕೊನೆಗೆ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಪ್ಲಾಂಟ್ ಪಕ್ಕದಲ್ಲಿದ್ದಾಗಲೇ ಮುಖವಾಡ ತೊಟ್ಟಿದ್ದ. ತೊಟ್ಟ ಮೊದಲ ಪಂದ್ಯದಲ್ಲೇ, ಎರಡು ನಿಮಿಷ ಕಳೆಯುವಷ್ಟರಲ್ಲಿ, ರೆಫರಿಯ ಜೊತೆ ಜಗಳವಾಡಿ ಹೊರಗೆ ಹಾಕಿಸಿಕೊಂಡ ಎಂಬುದು ಬೇರೆ ಕಥೆ. ಸ್ಟಾನ್ಲಿ ಕಪ್ ಫೈನಲ್ ಬಾಸ್ಟನ್ ವಿರುದ್ಧ. ಮೇ 3ರ ಮೊದಲ ಪಂದ್ಯದಲ್ಲಿ ತಿರುಗಿ ಹಾರಿದ ಪಕ್ಕೊಂದು ಪ್ಲಾಂಟ್‌ನ ಹಣೆಗೆ ಬಡಿದು ಮುಖವಾಡ ಸೀಳಿತು. ಪ್ರಜ್ಞೆ ತಪ್ಪಿದ ಅವನನ್ನು ಆಸ್ಪತ್ರೆಗೆ ಒಯ್ದರು. ಅದಿಲ್ಲದಿದ್ದರೆ ಸತ್ತೇ ಹೋಗುತ್ತಿದ್ದೆ ಎಂದು ಆಮೇಲೆ ಹೇಳಿದ. ಮೇ 10ರಂದು ಬಾಬಿ ಆರ್ ಗೋಲು ಹೊಡೆದು ಗಾಳಿಯಲ್ಲಿ ಹಾರುತ್ತಿರುವ ಪ್ರಸಿದ್ಧ ಫೋಟೋ ಇದೆಯಲ್ಲ, ಅದರಲ್ಲಿ ಹಿಂದೆ ಗೋಲಿನೊಳಗಿರುವ ಗೋಲ್‌ಕೀಪರ್ ಗ್ಲೆನ್ ಹಾಲ್.

ಅದೇ ದಿನಗಳಲ್ಲಿ ಸಾಚುಕ್ ನ್ಯೂಯಾರ್ಕಿನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಕುಡಿತ, ಮನೆಯಲ್ಲಿ ಹೆಂಡತಿ ಮಕ್ಕಳು ಪಟ್ಟ ಪಾಡು, 1969ರಲ್ಲಿ ವಿಚ್ಛೇದನ. ಅವನ ನೋವಿನ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಬಾರದು. ಏಪ್ರಿಲ್ 29ರಂದು, ಸೀಸನ್ ಮುಗಿದ ಮೇಲೆ, ಬಾಡಿಗೆ ಮನೆಯ ಖರ್ಚಿನ ವಿಷಯಕ್ಕೆ ಜೊತೆಗಾರ ರಾನ್ ಸ್ಟೀವರ್ಟ್‌ನೊಂದಿಗೆ ತಳ್ಳಾಟವಾಯಿತು. ಬಿದ್ದ ಏಟಿಗೆ ಪಿತ್ತಜನಕಾಂಗ ಕೆಟ್ಟಿತು. ಶಸ್ತ್ರಚಿಕಿತ್ಸೆಗಳಾದವು. ಮೇ 31ರಂದು ತೀರಿಕೊಂಡಾಗ ನಲವತ್ತು ವರ್ಷ. ಗ್ರ್ಯಾಂಡ್ ಜ್ಯೂರಿ ಅದನ್ನು ಆಕಸ್ಮಿಕವೆಂದು ಹೇಳಿ ಸ್ಟೀವರ್ಟ್‌ನನ್ನು ಬಿಟ್ಟಿತು.

ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಕೆಳಗಿರುವ ಕೊನೆಯ ಸಾಲು: 1969-70, ನ್ಯೂಯಾರ್ಕ್ ರೇಂಜರ್ಸ್, ಪಂದ್ಯ 8, ಶಟೌಟ್ 1.